ಇಮೇಜಿಂಗ್ ಕೋರ್ಸ್‌ಗೆ ಸೇರುವವರ ಪ್ರಶ್ನೆಗಳು, ಬೋಧಕಿಯ ಉತ್ತರಗಳು

ಬೋಧಕಿ: ಗುಂಪಿನ ಸದಸ್ಯರಿಗೆ ನಮಸ್ಕಾರ. ಹಲವು ವರ್ಷ ಎಕ್ಸ್-ರೇ, ಸಿ.ಟಿ. ಮತ್ತು ಎಂ.ಆರ್.ಐ. ವಿಭಾಗಗಳಲ್ಲಿ ತಂತ್ರಜ್ಞೆಯಾಗಿದ್ದು, ಈಗ ಬಿ.ಎಸ್ಸಿ. ಮೆಡಿಕಲ್ ಇಮೇಜಿಂಗ್ ಟೆಕ್ನಾಲಜಿ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಿದ್ದೇನೆ. ಪ್ರವೇಶದ ಸಮಯವಾದ್ದರಿಂದ ಪ್ರಶ್ನೆಗಳನ್ನು ಇಲ್ಲಿಯೇ ಕೇಳಿ, ಬಿಡುವಾದಾಗ ಉತ್ತರಿಸುತ್ತೇನೆ. ಯಾವುದೇ ಕಾಲೇಜಿನ ಪರವಾಗಿ ನಾನು ಇಲ್ಲಿ ಬರೆಯುತ್ತಿಲ್ಲ.

ಒಬ್ಬ ತಂದೆ, ಹಾವೇರಿ: ಮೇಡಂ, ಮಗನಿಗೆ ನೀಟ್‌ನಲ್ಲಿ ಸೀಟು ಸಿಗಲಿಲ್ಲ. ಬಿ.ಎಸ್ಸಿ. ಇಮೇಜಿಂಗ್ ಓದಿದರೆ ಮುಂದೆ ರೇಡಿಯಾಲಜಿಸ್ಟ್ ಆಗಬಹುದು ಎಂದು ಒಬ್ಬ ಏಜೆಂಟರು ಹೇಳಿದ್ದಾರೆ. ಇದು ನಿಜವೇ?

ಬೋಧಕಿ: ನಿಜವಲ್ಲ. ರೇಡಿಯಾಲಜಿಸ್ಟ್ ಎಂದರೆ ಎಂ.ಬಿ.ಬಿ.ಎಸ್. ಮುಗಿಸಿ, ಅದರ ಮೇಲೆ 3 ವರ್ಷ ರೇಡಿಯೊಡಯಾಗ್ನೋಸಿಸ್‌ನಲ್ಲಿ ಎಂ.ಡಿ. ಅಥವಾ ಅದಕ್ಕೆ ಸಮಾನವಾದ ಡಿ.ಎನ್.ಬಿ. ಮಾಡಿದ ವೈದ್ಯರು. ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಬಿ.ಎಸ್ಸಿ. ಕೋರ್ಸ್ 3 ವರ್ಷದ ಓದು ಮತ್ತು 1 ವರ್ಷದ ಇಂಟರ್ನ್‌ಷಿಪ್ ಸೇರಿ 4 ವರ್ಷದ್ದು. ಅದನ್ನು ಮುಗಿಸಿದವರು ತಂತ್ರಜ್ಞರಾಗುತ್ತಾರೆ. ರೋಗಿಯನ್ನು ಸರಿಯಾದ ಭಂಗಿಯಲ್ಲಿ ಮಲಗಿಸುವುದು, ಎಷ್ಟು ವಿಕಿರಣ ಸಾಕು ಎಂದು ನಿರ್ಧರಿಸುವುದು, ವೈದ್ಯರು ಓದಲು ಯೋಗ್ಯವಾದ ಚಿತ್ರ ತೆಗೆಯುವುದು ಅವರ ಕೆಲಸ. ವರದಿ ಬರೆಯುವುದು ವೈದ್ಯರ ಕೆಲಸ. ಗರ್ಭಿಣಿಯರ ಸ್ಕ್ಯಾನಿಂಗ್ ಅಂತೂ 1994ರ ಭ್ರೂಣಲಿಂಗ ಪತ್ತೆ ನಿಷೇಧ ಕಾಯ್ದೆಯಡಿ ಅರ್ಹ ವೈದ್ಯರಿಗೆ ಮಾತ್ರ ಬಿಟ್ಟದ್ದು. ತಂತ್ರಜ್ಞನ ಕೆಲಸ ಮಗನಿಗೆ ಇಷ್ಟವಾಗುವುದಾದರೆ ಸಂತೋಷದಿಂದ ಸೇರಿಸಿ. ಡಾಕ್ಟರಾಗುವ ಅಡ್ಡದಾರಿ ಎಂದುಕೊಂಡು ಸೇರಿಸಿದರೆ ಎರಡನೇ ವರ್ಷಕ್ಕೇ ಹುಡುಗ ಮನಸ್ಸು ಕಳೆದುಕೊಳ್ಳುತ್ತಾನೆ. ಅಂಥವರನ್ನು ಪ್ರತಿ ವರ್ಷ ನೋಡುತ್ತಿದ್ದೇನೆ.

ವಿದ್ಯಾರ್ಥಿನಿ, ಮಂಡ್ಯ: ಪಿ.ಯು.ಸಿ. ಕಲಾ ವಿಭಾಗದಲ್ಲಿ ಓದಿದ್ದೇನೆ. ಬಿ.ಎಸ್ಸಿ. ಇಮೇಜಿಂಗ್‌ಗೆ ಸೇರಬಹುದೇ?

ಬೋಧಕಿ: ಇಲ್ಲ. ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಜೀವಶಾಸ್ತ್ರ ಓದಿರಬೇಕು.

ಸದಸ್ಯ, ವಿಜಯಪುರ: ಮಣಿಪಾಲದಲ್ಲಿ ಶುಲ್ಕ ಎಷ್ಟಿದೆ ಎಂದು ತಿಳಿಸುತ್ತೀರಾ?

ಸದಸ್ಯ, ತುಮಕೂರು: ಮನೆಯಲ್ಲೇ ಕುಳಿತು ಒಂದು ವರ್ಷದಲ್ಲಿ ಸಿ.ಟಿ. ಮತ್ತು ಎಂ.ಆರ್.ಐ. ತಂತ್ರಜ್ಞರಾಗಬಹುದು, ಕೆಲಸ ಖಚಿತ ಎಂಬ ಸಂದೇಶ ಬಂದಿದೆ. ಇಲ್ಲಿ ಹಾಕುತ್ತಿದ್ದೇನೆ, ನೋಡಿ ಹೇಳಿ.

ಬೋಧಕಿ: ನೋಡುವ ಅಗತ್ಯವಿಲ್ಲ. ಆರೋಗ್ಯ ಸಹವೃತ್ತಿಗಳ ಕುರಿತ 2021ರ ಕೇಂದ್ರ ಕಾಯ್ದೆಯ ಪ್ರಕಾರ ಈ ವೃತ್ತಿಗೆ ಕನಿಷ್ಠ 2,000 ಗಂಟೆಗಳ, ಅದೂ ಎರಡು ವರ್ಷಕ್ಕೆ ಕಡಿಮೆಯಿಲ್ಲದ ತರಬೇತಿ ಆಗಿರಬೇಕು. ಸೊಂಟದ ಮೂಳೆ ಮುರಿದ ಅಜ್ಜಿಯನ್ನು ನೋವಾಗದಂತೆ ಮೇಜಿನ ಮೇಲೆ ಸರಿಸುವುದನ್ನು ಮೊಬೈಲ್ ನೋಡಿ ಕಲಿಯಲಾಗುವುದಿಲ್ಲ. ದಯವಿಟ್ಟು ಇಂತಹ ಸಂದೇಶಗಳನ್ನು ಮುಂದೆ ಕಳುಹಿಸಬೇಡಿ.

ಒಬ್ಬ ತಾಯಿ, ಚಿತ್ರದುರ್ಗ ಜಿಲ್ಲೆ: ಮೇಡಂ, ನನ್ನ ಮಗಳು ಎಸ್.ಎಸ್.ಎಲ್.ಸಿ. ನಂತರ ಎಕ್ಸ್-ರೇ ಡಿಪ್ಲೊಮಾ ಸೇರಿದ್ದಾಳೆ. ಈಗ ಅವಳಿಗೆ ಹದಿನಾರು ತುಂಬಿ ಎರಡು ತಿಂಗಳಾಗಿದೆ. ಪ್ರಾಯೋಗಿಕ ಕಲಿಕೆಗೆಂದು ಒಂದು ಡಯಾಗ್ನೊಸ್ಟಿಕ್ ಸೆಂಟರ್‌ಗೆ ಕಳುಹಿಸುತ್ತಾರೆ. ಅಲ್ಲಿ ಚಿಕ್ಕ ಮಕ್ಕಳ ಎಕ್ಸ್-ರೇ ತೆಗೆಯುವಾಗ ಮಗುವನ್ನು ಹಿಡಿದುಕೊಳ್ಳಲು ಇವಳನ್ನೇ ಒಳಗೆ ನಿಲ್ಲಿಸುತ್ತಾರಂತೆ. ಎದೆಗೆ ಹಾಕಿಕೊಳ್ಳುವ, ವಿಕಿರಣ ಅಳೆಯುವ ಬ್ಯಾಡ್ಜ್ ಕೊಟ್ಟಿಲ್ಲ. ಕೇಳಿದರೆ ಇದೆಲ್ಲ ಕಲಿಕೆಯ ಭಾಗ ಎನ್ನುತ್ತಾರೆ. ನಾನು ಓದಿದವಳಲ್ಲ, ಸುಮ್ಮನೆ ಹೆದರುತ್ತಿದ್ದೇನೆಯೋ ಏನೋ ತಿಳಿಯುತ್ತಿಲ್ಲ.

ಬೋಧಕಿ: ಅಮ್ಮಾ, ನೀವು ಸುಮ್ಮನೆ ಹೆದರುತ್ತಿಲ್ಲ, ಸರಿಯಾದುದನ್ನೇ ಕೇಳಿದ್ದೀರಿ. ಸ್ವಲ್ಪ ದೀರ್ಘವಾಗಿ ಬರೆಯುತ್ತೇನೆ, ಮಗಳಿಗೂ ಓದಿ ಹೇಳಿ.

ಮೊದಲು ಸಮಾಧಾನದ ಮಾತು. ಮಗುವನ್ನು ಹಿಡಿದು ಪಕ್ಕದಲ್ಲಿ ನಿಂತವರ ಮೇಲೆ ಬೀಳುವುದು ಮುಖ್ಯ ಕಿರಣವಲ್ಲ, ಮಗುವಿನ ಮೈಗೆ ತಗುಲಿ ಚದುರಿದ ಕಿರಣ. ಒಂದು ಮೀಟರ್ ದೂರದಲ್ಲಿ ಅದು ಮುಖ್ಯ ಕಿರಣದ ಸುಮಾರು ಸಾವಿರದ ಒಂದು ಪಾಲಿನಷ್ಟು ಮಾತ್ರ ಇರುತ್ತದೆ. ಆದ್ದರಿಂದ ಕೆಲವು ಸಲ ಹಾಗೆ ನಿಂತದ್ದರಿಂದ ಮಗಳಿಗೆ ಏನೋ ಆಗಿಬಿಟ್ಟಿದೆ ಎಂದು ರಾತ್ರಿಯೆಲ್ಲ ನಿದ್ದೆಗೆಡಬೇಡಿ. ಆದರೆ ಹಿಡಿದುಕೊಳ್ಳುವವರು ಒಂದು ಮೀಟರ್ ದೂರದಲ್ಲಿ ನಿಲ್ಲಲಾರರು, ಅವರ ಕೈಗಳು ಕಿರಣದ ಅಂಚಿನಲ್ಲೇ ಇರುತ್ತವೆ. ದೂರ ಅರ್ಧಕ್ಕಿಳಿದರೆ ಬೀಳುವ ವಿಕಿರಣ ನಾಲ್ಕು ಪಟ್ಟಾಗುತ್ತದೆ. ಒಬ್ಬ ತಾಯಿ ತನ್ನ ಮಗುವನ್ನು ಒಂದು ಸಲ ಹಿಡಿದುಕೊಳ್ಳುವುದು ಒಂದು ಮಾತು. ಒಬ್ಬಳೇ ಹುಡುಗಿ ದಿನವೂ ಊರ ಮಕ್ಕಳನ್ನೆಲ್ಲ ಹಿಡಿದುಕೊಂಡು ನಿಲ್ಲುವುದು ಬೇರೆಯೇ ಮಾತು. ಈ ಕಾರಣಕ್ಕಾಗಿಯೇ ಸಿಬ್ಬಂದಿಯಾಗಲಿ ವಿದ್ಯಾರ್ಥಿಗಳಾಗಲಿ ರೋಗಿಯನ್ನು ಹಿಡಿದುಕೊಳ್ಳುವುದನ್ನು ರೂಢಿ ಮಾಡಿಕೊಳ್ಳಬಾರದು. ಮಗು ಅಲುಗದಂತೆ ಇಡಲು ಪಟ್ಟಿ, ಮರಳಿನ ಚೀಲ ಮತ್ತು ಸ್ಪಂಜಿನ ದಿಂಬುಗಳಿವೆ. ಅವು ಸಾಲದಿದ್ದರೆ ಗರ್ಭಿಣಿಯಲ್ಲದ ಸಂಬಂಧಿಕರೊಬ್ಬರಿಗೆ ಸೀಸದ ಏಪ್ರನ್ ತೊಡಿಸಿ, ಮುಖ್ಯ ಕಿರಣ ತಾಗದ ಕಡೆ ನಿಲ್ಲಿಸಿ ಹಿಡಿಸಬೇಕು.

ಇನ್ನು ವಯಸ್ಸಿನ ವಿಷಯ. ನಿಮ್ಮ ಪ್ರಶ್ನೆಯಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇದೇ. 2004ರ ವಿಕಿರಣ ರಕ್ಷಣೆ ನಿಯಮಗಳ ಪ್ರಕಾರ 18 ವರ್ಷ ತುಂಬದವರನ್ನು ವಿಕಿರಣದ ಕೆಲಸಕ್ಕೆ ನೇಮಿಸುವಂತಿಲ್ಲ, 16 ತುಂಬದವರನ್ನು ತರಬೇತಿಗೂ ತೆಗೆದುಕೊಳ್ಳುವಂತಿಲ್ಲ. ನಿಮ್ಮ ಮಗಳಿಗೆ 16 ತುಂಬಿ ಎರಡು ತಿಂಗಳಾಗಿದೆ ಎಂದಿದ್ದೀರಿ. ಅದಕ್ಕೂ ಮೊದಲು ಅವಳನ್ನು ಆ ಕೊಠಡಿಯೊಳಗೆ ನಿಲ್ಲಿಸಿದ್ದರೇ? ಕೇಳಿ, ದಿನಾಂಕಗಳನ್ನು ಬರೆದಿಡಿ. ವಯಸ್ಕ ಕೆಲಸಗಾರರಿಗೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ಮೈಗೆ ತಗುಲಿದ ವಿಕಿರಣವನ್ನು ಅಳೆಯುವ ಮಾನ) ಮಿತಿಯಿದ್ದರೆ, ತರಬೇತಿಯಲ್ಲಿರುವ ಈ ವಯಸ್ಸಿನ ಮಕ್ಕಳಿಗೆ ಇರುವುದು ವರ್ಷಕ್ಕೆ 6 ಮಿಲಿಸೀವರ್ಟ್ ಮಾತ್ರ. ಬ್ಯಾಡ್ಜೇ ಇಲ್ಲದಿದ್ದರೆ ಆ ಮಿತಿಯೊಳಗಿದ್ದಾಳೆಂದು ಯಾರು, ಯಾವ ಆಧಾರದ ಮೇಲೆ ಹೇಳುತ್ತಾರೆ?

ಆ ಟಿ.ಎಲ್.ಡಿ. ಬ್ಯಾಡ್ಜ್ ವಿಕಿರಣವನ್ನು ತಡೆಯುವುದಿಲ್ಲ, ಎಷ್ಟು ತಗುಲಿತು ಎಂಬ ಲೆಕ್ಕವನ್ನು ಇಡುತ್ತದೆ. ಏಪ್ರನ್‌ನ ಒಳಗೆ, ಎದೆಯ ಮಟ್ಟದಲ್ಲಿ ಧರಿಸಬೇಕು. ಮೂರು ತಿಂಗಳಿಗೊಮ್ಮೆ ಅದನ್ನು ಪ್ರಯೋಗಾಲಯಕ್ಕೆ ಕಳುಹಿಸಿ ಓದಿಸುತ್ತಾರೆ. ನಾಳೆ ಮಗಳ ಕೈಯಲ್ಲಿ ಕಾಲೇಜಿನ ಮುಖ್ಯಸ್ಥರಿಗೆ ಒಂದು ಪತ್ರ ಕಳುಹಿಸಿ. ಬ್ಯಾಡ್ಜ್ ಬರುವವರೆಗೆ ಎಕ್ಸ್‌ಪೋಷರ್ ಆಗುವಾಗ, ಅಂದರೆ ಕಿರಣ ಹೊರಡುವಾಗ, ಅವಳು ಕೊಠಡಿಯೊಳಗೆ ಇರುವುದಿಲ್ಲ ಎಂದು ಬರೆಯಿರಿ, ಆ ಸೆಂಟರಿನ ವಿಕಿರಣ ಸುರಕ್ಷತಾ ಅಧಿಕಾರಿ ಯಾರೆಂದು ಕೇಳಿ. ಪತ್ರದ ಒಂದು ಪ್ರತಿಯ ಮೇಲೆ ಸಹಿ ಪಡೆಯಿರಿ. ಉತ್ತರ ಬರದಿದ್ದರೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಗೆ ಬರೆಯಬಹುದು. ಮುಖ್ಯ ಕಚೇರಿ ಮುಂಬೈಯಲ್ಲಿದೆ, ದಕ್ಷಿಣದ ಪ್ರಾದೇಶಿಕ ಕೇಂದ್ರ ಚೆನ್ನೈಯಲ್ಲಿದೆ. ಪತ್ರ ಬರೆಯಲು ಸಹಾಯ ಬೇಕಾದರೆ ನನಗೆ ಪ್ರತ್ಯೇಕವಾಗಿ ಸಂದೇಶ ಕಳುಹಿಸಿ.

ಸದಸ್ಯೆ, ಶಿವಮೊಗ್ಗ: ತಾಯಿಯವರು ಗಾಬರಿಯಾಗಬೇಡಿ. ಎಕ್ಸ್-ರೇ ಕೆಲಸ ಮಾಡುವವರು ರಾತ್ರಿ ಅರಿಸಿನದ ಹಾಲು ಕುಡಿದು, ವಾರಕ್ಕೊಂದು ಅಯೋಡಿನ್ ಮಾತ್ರೆ ತೆಗೆದುಕೊಂಡರೆ ವಿಕಿರಣವೆಲ್ಲ ಮೈಯಿಂದ ಹೊರಗೆ ಹೋಗುತ್ತದೆ ಎಂಬ ಮಾಹಿತಿ ನಮ್ಮ ಇನ್ನೊಂದು ಗುಂಪಿನಲ್ಲಿ ಬಂದಿತ್ತು. ಎಲ್ಲರಿಗೂ ಉಪಯೋಗವಾಗಲಿ ಎಂದು ಹಂಚಿಕೊಂಡಿದ್ದೇನೆ.

ಬೋಧಕಿ: ದಯವಿಟ್ಟು ಇದನ್ನು ಅಳಿಸಿ. ಎಕ್ಸ್-ರೇ ಮೈಯಲ್ಲಿ ಉಳಿಯುವ ವಸ್ತುವಲ್ಲ. ಸ್ವಿಚ್ ಬಿಟ್ಟ ಕ್ಷಣಕ್ಕೆ ಕಿರಣ ಇಲ್ಲವಾಗುತ್ತದೆ, ಆದ್ದರಿಂದ ಹೊರಗೆ ಹೋಗಲು ಒಳಗೆ ಏನೂ ಇರುವುದಿಲ್ಲ. ಪೊಟ್ಯಾಸಿಯಂ ಅಯೋಡೈಡ್ ಮಾತ್ರೆ ಕೆಲಸಕ್ಕೆ ಬರುವುದು ವಿಕಿರಣಶೀಲ ಅಯೋಡಿನ್ ದೇಹದೊಳಗೆ ಸೇರುವ ಅಪಾಯವಿದ್ದಾಗ, ಅದೂ ಥೈರಾಯ್ಡ್ ಗ್ರಂಥಿಗೆ ಮಾತ್ರ. ಎಕ್ಸ್-ರೇ ಕೊಠಡಿಗೂ ಅದಕ್ಕೂ ಸಂಬಂಧವೇ ಇಲ್ಲ. ವೈದ್ಯರು ಹೇಳದೆ ವಾರವಾರ ನುಂಗಿದರೆ ಅದೇ ಥೈರಾಯ್ಡ್ ಕೆಡಬಹುದು. ಹದಿನಾರರ ಹುಡುಗಿಯ ತಾಯಿ ಓದುತ್ತಿರುವ ಕಡೆ ಇಂತಹದನ್ನು ಹಾಕುವ ಮೊದಲು ಒಂದು ಕ್ಷಣ ಯೋಚಿಸಬೇಕಿತ್ತು.

ಸದಸ್ಯೆ, ಶಿವಮೊಗ್ಗ: ಒಳ್ಳೆಯ ಉದ್ದೇಶದಿಂದಲೇ ಹಾಕಿದೆ. ಅರಿಸಿನದಿಂದ ಯಾರಿಗೂ ಕೆಟ್ಟದ್ದಾಗಿಲ್ಲ.

ಬೋಧಕಿ: ಹಾಲು ಕುಡಿಯಲು ನನ್ನ ತಕರಾರಿಲ್ಲ. ಮಾತ್ರೆಯ ಸಾಲನ್ನು ಅಳಿಸಿ.

ತಂತ್ರಜ್ಞ, ತಾಲ್ಲೂಕು ಆಸ್ಪತ್ರೆ: ಎಲ್ಲರೂ ಡಿಪ್ಲೊಮಾ ಎಂದರೆ ಮೂಗು ಮುರಿಯುತ್ತಿರುವಂತಿದೆ. ನಾನು ಪ್ಯಾರಾಮೆಡಿಕಲ್ ಬೋರ್ಡ್‌ನ ಡಿಪ್ಲೊಮಾ ಓದಿದವನು. ಡಾರ್ಕ್ ರೂಮ್‌ನ ಕೆಂಪು ದೀಪದಲ್ಲಿ ಡೆವಲಪರ್, ಫಿಕ್ಸರ್ ಮುಟ್ಟಿ ಕಲಿತಿದ್ದೇನೆ. ಇವತ್ತಿನ ಪದವೀಧರರು ಚಿತ್ರ ಕಪ್ಪಾದರೆ ಕಂಪ್ಯೂಟರಿನಲ್ಲಿ ಬೆಳ್ಳಗೆ ಮಾಡುತ್ತಾರೆಯೇ ಹೊರತು ಎಕ್ಸ್‌ಪೋಷರ್ ಏಕೆ ಹೆಚ್ಚಾಯಿತು ಎಂದು ಯೋಚಿಸುವುದಿಲ್ಲ.

ಎಂ.ಎಸ್ಸಿ. ವಿದ್ಯಾರ್ಥಿ, ಬೆಂಗಳೂರು: ಸರ್, ಅನುಭವಕ್ಕೆ ಗೌರವವಿದೆ. ಆದರೆ ಸಿ.ಟಿ.ಯಲ್ಲಿ ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಲು ಕೊಡುವ ಔಷಧ) ಕೊಡುವ ಮುನ್ನ ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಏಕೆ ನೋಡಬೇಕು, ಎಂ.ಆರ್.ಐ.ಯ ಅಯಸ್ಕಾಂತವು ಯಂತ್ರ ಸ್ಕ್ಯಾನ್ ಮಾಡದಿರುವಾಗಲೂ ಏಕೆ ಅಪಾಯಕಾರಿ ಎಂಬುದನ್ನು ಡಾರ್ಕ್ ರೂಮ್ ಕಲಿಸುವುದಿಲ್ಲ. 2018ರಲ್ಲಿ ಮುಂಬೈಯ ಆಸ್ಪತ್ರೆಯೊಂದರಲ್ಲಿ ಆಮ್ಲಜನಕದ ಸಿಲಿಂಡರ್ ಹಿಡಿದು ಎಂ.ಆರ್.ಐ. ಕೊಠಡಿಗೆ ಹೋದ ರೋಗಿಯ ಸಂಬಂಧಿಕ ಯಂತ್ರಕ್ಕೆ ಸೆಳೆಯಲ್ಪಟ್ಟು ಸತ್ತರು. ಇದು ಓದಿನ ವಿಷಯ.

ತಂತ್ರಜ್ಞ, ತಾಲ್ಲೂಕು ಆಸ್ಪತ್ರೆ: ಬಾಗಿಲಲ್ಲಿ ನಿಂತು ತಡೆಯುವುದಕ್ಕೆ ಎಂ.ಎಸ್ಸಿ. ಬೇಕಿಲ್ಲ ತಮ್ಮಾ, ಎಚ್ಚರ ಬೇಕು. ರಾತ್ರಿ ಎರಡು ಗಂಟೆಗೆ ಅಪಘಾತದ ಗಾಯಾಳು ಬಂದಾಗ ನಿನ್ನ ಪುಸ್ತಕ ಎಲ್ಲಿರುತ್ತದೆ ಎಂದು ನೋಡೋಣ.

ಎಂ.ಎಸ್ಸಿ. ವಿದ್ಯಾರ್ಥಿ, ಬೆಂಗಳೂರು: ಏಕವಚನ ಬೇಡ ಸರ್. ನಾನೂ ರಾತ್ರಿ ಪಾಳಿ ಮಾಡಿಯೇ ಓದುತ್ತಿದ್ದೇನೆ.

ಬೋಧಕಿ: ಇಬ್ಬರೂ ನಿಲ್ಲಿಸಿ. ಎಕ್ಸ್‌ಪೋಷರ್ ಬಗ್ಗೆ ತಂತ್ರಜ್ಞರು ಹೇಳಿದ್ದು ಸರಿ: ಫಿಲ್ಮ್ ಇದ್ದಾಗ ಹೆಚ್ಚಾದ ಡೋಸ್ ಕಪ್ಪು ಚಿತ್ರವಾಗಿ ನಮ್ಮನ್ನು ನಾಚಿಸುತ್ತಿತ್ತು, ಡಿಜಿಟಲ್‌ನಲ್ಲಿ ಅದೇ ತಪ್ಪು ಸುಂದರ ಚಿತ್ರವಾಗಿ ಅಡಗಿಕೊಳ್ಳುತ್ತದೆ. ಇದನ್ನು ನನ್ನ ವಿದ್ಯಾರ್ಥಿಗಳಿಗೆ ಪದೇ ಪದೇ ಹೇಳುತ್ತೇನೆ. ಹಾಗೆಯೇ ಸಿ.ಟಿ. ಮತ್ತು ಎಂ.ಆರ್.ಐ. ವಿಭಾಗಕ್ಕೆ ಹೋಗಬೇಕೆನ್ನುವವರಿಗೆ ಪದವಿಯ ಓದು ಬೇಕು ಎಂಬುದೂ ಸರಿ. ಡಿಪ್ಲೊಮಾ ಮುಗಿಸಿದವರು ಬಿ.ಎಸ್ಸಿ.ಯ ಎರಡನೇ ವರ್ಷಕ್ಕೆ ನೇರವಾಗಿ ಸೇರುವ ಅವಕಾಶವನ್ನು ವಿಚಾರಿಸಿಕೊಳ್ಳಿ. ಮನೆಯಲ್ಲಿ ಹಣದ ತೊಂದರೆಯಿದ್ದು ಬೇಗ ದುಡಿಯಬೇಕಾದವರಿಗೆ ಅದು ಒಳ್ಳೆಯ ದಾರಿ.

ಸದಸ್ಯ, ಗದಗ: ಕಲಾ ವಿಭಾಗದವರು ಬಿ.ಎಸ್ಸಿ. ಇಮೇಜಿಂಗ್‌ಗೆ ಸೇರಬಹುದೇ ಮೇಡಂ?

ಬೋಧಕಿ: ಮೇಲೆ ಉತ್ತರವಿದೆ.

ಸದಸ್ಯ, ವಿಜಯಪುರ: ಮಣಿಪಾಲದ ಶುಲ್ಕದ ಬಗ್ಗೆ ಕೇಳಿದ್ದೆ. ಇನ್ನೂ ಯಾರೂ ಹೇಳಿಲ್ಲ.

ವಿದ್ಯಾರ್ಥಿ, ಧಾರವಾಡ: ಕಾಲೇಜು ನೋಡಲು ಹೋದಾಗ ಏನನ್ನು ಗಮನಿಸಬೇಕು ಮೇಡಂ?

ಬೋಧಕಿ: ಕಟ್ಟಡವನ್ನಲ್ಲ, ಆಸ್ಪತ್ರೆಯನ್ನು ನೋಡಿ. ಕಾಲೇಜಿಗೆ ಸ್ವಂತ ಆಸ್ಪತ್ರೆ ಇದೆಯೇ, ಸಿ.ಟಿ. ಮತ್ತು ಎಂ.ಆರ್.ಐ. ಯಂತ್ರಗಳು ಅಲ್ಲಿಯೇ ಇವೆಯೇ, ವಿದ್ಯಾರ್ಥಿಗಳ ಪಾಳಿ ಪಟ್ಟಿ ಗೋಡೆಯ ಮೇಲಿದೆಯೇ ಎಂದು ನೋಡಿ. ಮೂರನೇ ವರ್ಷದ ವಿದ್ಯಾರ್ಥಿಯೊಬ್ಬರನ್ನು ಪಕ್ಕಕ್ಕೆ ಕರೆದು, ಈ ತಿಂಗಳು ನಿಮ್ಮ ಕೈಯಾರೆ ಎಷ್ಟು ಎಕ್ಸ್-ರೇ ತೆಗೆದಿರಿ ಎಂದು ಕೇಳಿ. ಅವರ ಎದೆಯ ಮೇಲೆ ಬ್ಯಾಡ್ಜ್ ಇದೆಯೇ ಎಂದೂ ನೋಡಿ.

ಸದಸ್ಯ, ಗದಗ: ಮೇಲೆ ಎಂದರೆ ಎಲ್ಲಿ? ಒಂದು ಸಾಲು ಬರೆದರೆ ಏನಾಗುತ್ತಿತ್ತು?

ತಂತ್ರಜ್ಞ, ತಾಲ್ಲೂಕು ಆಸ್ಪತ್ರೆ: ಮಂಡ್ಯದ ವಿದ್ಯಾರ್ಥಿನಿಗೆ ಕೊಟ್ಟ ಉತ್ತರ ಓದಿ. ಓದದೆ ಕೇಳುವವರಿಗೆ ಎಷ್ಟು ಸಲ ಹೇಳಬೇಕು?

ಒಬ್ಬ ತಾಯಿ, ಚಿತ್ರದುರ್ಗ ಜಿಲ್ಲೆ: ಮೇಡಂ, ನಿನ್ನೆ ಪತ್ರ ಕೊಟ್ಟೆವು. ಇವತ್ತು ಮಗಳಿಗೆ ಬ್ಯಾಡ್ಜ್ ಕೊಟ್ಟಿದ್ದಾರೆ. ಆದರೆ ಅದರಲ್ಲಿ ಬೇರೆ ಯಾರದ್ದೋ ಹೆಸರಿದೆ. ಕೆಲಸ ಬಿಟ್ಟು ಹೋದವರದ್ದಂತೆ. ಸದ್ಯಕ್ಕೆ ಇದನ್ನೇ ಹಾಕಿಕೋ ಎಂದಿದ್ದಾರೆ.

ಬೋಧಕಿ: ಹಾಕಿಕೊಳ್ಳುವುದು ಬೇಡ. ಪ್ರತಿಯೊಬ್ಬರ ಲೆಕ್ಕ ಅವರವರ ಹೆಸರಿನಲ್ಲೇ ದಾಖಲಾಗಬೇಕು. ಇದನ್ನು ಧರಿಸಿದರೆ ನಿಮ್ಮ ಮಗಳಿಗೆ ತಗುಲಿದ್ದು ಬೇರೊಬ್ಬರ ಖಾತೆಗೆ ಹೋಗುತ್ತದೆ, ಅವಳದ್ದು ಸೊನ್ನೆಯಾಗಿಯೇ ಉಳಿಯುತ್ತದೆ. ಹೆಸರು ಮತ್ತು ಸಂಖ್ಯೆ ಕಾಣುವಂತೆ ಬ್ಯಾಡ್ಜ್‌ನ ಫೋಟೊ ತೆಗೆದುಕೊಂಡು ನನಗೆ ಮಾತ್ರ ಕಳುಹಿಸಿ, ಇಲ್ಲಿ ಹಾಕಬೇಡಿ. ಬ್ಯಾಡ್ಜನ್ನು ಲಿಖಿತವಾಗಿ ಹಿಂತಿರುಗಿಸಿ. ನಾಳೆ ಮಗಳು ಕಂಟ್ರೋಲ್ ಕೊಠಡಿಯ ಗಾಜಿನ ಹಿಂದೆ ನಿಂತು ನೋಡಿ ಕಲಿಯಲಿ, ಒಳಗೆ ಹೋಗುವುದು ಬೇಡ. ಮಂಡಳಿಗೆ ಬರೆಯುವ ಪತ್ರವನ್ನು ಇವತ್ತು ರಾತ್ರಿಯೇ ನಾವಿಬ್ಬರೂ ಸೇರಿ ಸಿದ್ಧಮಾಡೋಣ. ಉಳಿದವರ ಪ್ರಶ್ನೆಗಳಿಗೆ ಇವತ್ತು ನನಗೆ ಸಮಯವಿಲ್ಲ.

ಸದಸ್ಯ, ಕೊಪ್ಪಳ: ಈ ಕೋರ್ಸ್ ಮುಗಿಸಿದರೆ ಸಂಬಳ ಎಷ್ಟು ಬರುತ್ತದೆ?