ಅಪ್‌ಡೇಟ್: ಸ್ಟೆಬಿಲೈಸೇಶನ್ ಇಲ್ಲದ ಲೆನ್ಸನ್ನೇ ತೆಗೆದುಕೊಂಡೆ

ಕಡಿಮೆ ಬೆಲೆಯ ಪ್ರೈಮ್ (ಝೂಮ್ ಇಲ್ಲದ) ಲೆನ್ಸ್‌ಗಳಲ್ಲಿ ಸಾಮಾನ್ಯವಾಗಿ ಸ್ಟೆಬಿಲೈಸೇಶನ್, ಅಂದರೆ ಕೈ ನಡುಗಿದರೂ ಚಿತ್ರ ಕಲಸದ ಹಾಗೆ ನೋಡಿಕೊಳ್ಳುವ ವ್ಯವಸ್ಥೆ, ಇರುವುದಿಲ್ಲ, ಹೊಸಬರ ಕೈಗೆ ಅದು ಸರಿಹೋಗುತ್ತಾ ಅಂತ ಇಲ್ಲಿ ನಿಮ್ಮನ್ನೆಲ್ಲ ಕೇಳಿದ್ದೆ ಅಲ್ವಾ? ಕೊನೆಗೆ 35 ಎಂಎಂ ಎಫ್/1.8 ಲೆನ್ಸ್ ತೆಗೆದುಕೊಂಡೆ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಜಾಸ್ತಿ ಬೆಳಕು ಒಳಗೆ ಬರುತ್ತದೆ). ನನ್ನದು ಎಪಿಎಸ್-ಸಿ ಕ್ಯಾಮೆರಾ, ಅದರ ಸೆನ್ಸರ್ ಫುಲ್ ಫ್ರೇಮ್ ಕ್ಯಾಮೆರಾದ್ದಕ್ಕಿಂತ ಚಿಕ್ಕದು, ಅದರಲ್ಲಿ 50 ಎಂಎಂ ಲೆನ್ಸ್ ಹಾಕಿದರೆ ಫುಲ್ ಫ್ರೇಮಿನ 75ರ ಹಾಗೆ ಹತ್ತಿರವಾಗಿ ಕಾಣುತ್ತದೆ, ರೂಮಿನೊಳಗೆ ಹಿಂದೆ ಸರಿಯುವುದಕ್ಕೆ ಜಾಗವೇ ಸಾಲುವುದಿಲ್ಲ.

ನಿನ್ನೆ ರಾತ್ರಿ ಒಂದೇ ಬಲ್ಬಿನ ಬೆಳಕಲ್ಲಿ ಮಗಳು ಚಿತ್ರ ಬರೆಯುತ್ತಿದ್ದಳು. ಕ್ಯಾಮೆರಾ ಜೊತೆ ಬಂದಿದ್ದ ಕಿಟ್ ಲೆನ್ಸ್‌ನಲ್ಲಿ ಎಫ್/5.6, ಶಟರ್ 1/15 ಸೆಕೆಂಡ್. ಸ್ಟೆಬಿಲೈಸೇಶನ್ ಇದ್ದಿದ್ದರಿಂದ ಮೇಜು, ಪುಸ್ತಕ ಎಲ್ಲ ಚೂಪಾಗಿ ಬಂತು, ಆದರೆ ಅವಳ ಕೈ ಮಾತ್ರ ಹೊಗೆಯ ಹಾಗೆ ಕಲಸಿಹೋಗಿತ್ತು. ಹೊಸ ಲೆನ್ಸ್‌ನಲ್ಲಿ ಎಫ್/1.8ಕ್ಕೆ ಇಳಿಸಿದೆ, ಐಎಸ್‌ಒ (ಬೆಳಕಿಗೆ ಸಂವೇದನೆಯ ಸೆಟ್ಟಿಂಗ್) ಮುಟ್ಟದೆಯೇ 1/125 ಸೆಕೆಂಡ್ ಸಿಕ್ಕಿತು, ಬೆರಳಿಗೆ ಅಂಟಿದ್ದ ಬಣ್ಣವೂ ಕಾಣುತ್ತಿತ್ತು! ಸ್ಟೆಬಿಲೈಸೇಶನ್ ನಮ್ಮ ಕೈ ನಡುಕವನ್ನಷ್ಟೇ ತಡೆಯುತ್ತದೆ, ಎದುರಿಗಿರುವವರು ಅಲುಗಾಡಿದರೆ ಅದು ಏನೂ ಮಾಡುವುದಿಲ್ಲ ಅಂತ ನೀವೆಲ್ಲ ಹೇಳಿದ್ದು ಆಗ ಅರ್ಥವಾಯಿತು.

ತೊಂದರೆ ಬೇರೆ ಕಡೆ ಇದೆ. ಎಫ್/1.8ರಲ್ಲಿ ಫೋಕಸ್ ತುಂಬಾ ತೆಳು, ಹತ್ತಿರದಿಂದ ತೆಗೆದರೆ ಒಂದು ಕಣ್ಣು ಸರಿ, ಇನ್ನೊಂದು ಮಸುಕು. ಹಾಗಾಗಿ ಮುಖಕ್ಕೆ ಎಫ್/2.8 ಇಡುತ್ತಿದ್ದೇನೆ, ಆಟೋ ಐಎಸ್‌ಒದಲ್ಲಿ ಶಟರ್ 1/125ಕ್ಕಿಂತ ನಿಧಾನವಾಗದ ಹಾಗೆ ಸೆಟ್ ಮಾಡಿದ್ದೇನೆ. ಕೈಯಲ್ಲಿ ಹಿಡಿದು ವಿಡಿಯೋ ಮಾಡಿದರೆ ಮಾತ್ರ ಜಾಸ್ತಿ ಕುಲುಕುತ್ತದೆ, ಅದಕ್ಕೆ ಇನ್ನೂ ಕಿಟ್ ಲೆನ್ಸೇ.