ಉಪ್ಪು ತಡೆಯುವ ಗುಲಾಬಿ ಸಿಗುತ್ತಾ?

ತಾರಸಿತೋಟ:
ನಮ್ಮದು ಶಿವಮೊಗ್ಗ, ವಿನೋಬನಗರ. ಮಳೆಗಾಲದಲ್ಲಿ ನಳನಳಿಸುವ ಗುಲಾಬಿ ಫೆಬ್ರವರಿ ಬಂತೆಂದರೆ ಸೊರಗುತ್ತದೆ. ಎಲೆಯ ಅಂಚು ಬೆಂಕಿ ತಾಗಿದ ಹಾಗೆ ಕಂದುತ್ತದೆ, ಕುಂಡದ ಬಾಯಿಗೆ ಬಿಳಿ ಪುಡಿ ಕಟ್ಟುತ್ತದೆ. ಬೋರ್ ನೀರು, ಅದೂ ಹೋದ ವರ್ಷ ಹಾಕಿಸಿದ ಸಾಫ್ಟ್‌ನರ್ (ಗಡಸು ನೀರನ್ನು ಮೆದು ಮಾಡುವ ಯಂತ್ರ) ಹಾದು ಬರುವುದು. ಉಪ್ಪು ತಡೆಯುವ ಜೀನ್ ಅಂತ ಓದಿದೆ. ಅಂಥ ಗಿಡ ನರ್ಸರಿಯಲ್ಲಿ ಸಿಗುತ್ತಾ? ಆ ಜೀನ್ ಮಾಡುವುದಾದರೂ ಏನು?

ತೀರ್ಥಹಳ್ಳಿ ಹುಡುಗಿ:
ಜೀನ್ ಸೇರಿಸಿದ ಗುಲಾಬಿ ಇಲ್ಲಿ ಸಿಗುವುದಿಲ್ಲ. ಆದರೆ ಆ ಜೀನ್‌ಗಳು ನಿಮ್ಮ ಗುಲಾಬಿಯಲ್ಲೂ ಇವೆ, ಕೆಲಸ ಮಾಡುವ ಜೋರು ಮಾತ್ರ ಗಿಡದಿಂದ ಗಿಡಕ್ಕೆ ಬೇರೆ. ಎಸ್‌ಒಎಸ್‌1 ಅನ್ನುವುದು ಬೇರಿನೊಳಗೆ ನುಗ್ಗಿದ ಉಪ್ಪಿನ ಸೋಡಿಯಂ ಅನ್ನು ಪಂಪಿನ ಹಾಗೆ ಹೊರಗೆ ತಳ್ಳುತ್ತದೆ. ಎಚ್‌ಕೆಟಿ1 ಅದು ಎಲೆಗೆ ಏರದಂತೆ ಹಿಡಿಯುತ್ತದೆ. ಎನ್‌ಎಚ್‌ಎಕ್ಸ್‌1 ಉಳಿದದ್ದನ್ನು ಕೋಶದ ರಸದಾನಿಯೊಳಗೆ, ಅಂದರೆ ಕೋಶದಲ್ಲಿ ರಸ ತುಂಬಿರುವ ಚೀಲದೊಳಗೆ, ತುಂಬಿ ಕೂಡಿಹಾಕುತ್ತದೆ. 1999ರಲ್ಲಿ ಸಾಸಿವೆ ಕುಟುಂಬದ ಅರಬಿಡಾಪ್ಸಿಸ್ ಅನ್ನುವ ಪುಟ್ಟ ಗಿಡದಲ್ಲಿ ಈ ಕೊನೆಯ ಜೀನ್ ಜಾಸ್ತಿ ಕೆಲಸ ಮಾಡುವಂತೆ ಮಾಡಿದರು. ಲೀಟರಿಗೆ ಸುಮಾರು 12 ಗ್ರಾಂ ಉಪ್ಪಿರುವ ನೀರಿನಲ್ಲೂ ಅದು ಬೆಳೆಯಿತು! ಸೇವಂತಿಗೆಯಲ್ಲೂ ಇಂಥ ಪ್ರಯೋಗ ನಡೆದಿವೆ.

ಬೇಲಿಹೂ:
ಈ ಎನ್‌ಎಚ್‌ಎಕ್ಸ್‌ ಜೀನಿನ ಇನ್ನೊಂದು ಕೆಲಸ ನನಗೆ ತುಂಬಾ ಇಷ್ಟ. ಮಾರ್ನಿಂಗ್ ಗ್ಲೋರಿ ಬಳ್ಳಿ ನೋಡಿದ್ದೀರಲ್ವಾ? ಹೆವೆನ್ಲಿ ಬ್ಲೂ ತಳಿಯ ಮೊಗ್ಗು ಕೆನ್ನೇರಳೆ, ಬೆಳಿಗ್ಗೆ ಅರಳಿದಾಗ ಆಕಾಶ ನೀಲಿ. ಎನ್‌ಎಚ್‌ಎಕ್ಸ್‌ ಪಂಪು ದಳದ ರಸದಾನಿಯ ಹುಳಿ ಇಳಿಸುತ್ತದೆ, ಪಿಎಚ್ (ಹುಳಿ ಕಡಿಮೆಯಾದಷ್ಟೂ ಏರುವ ಅಳತೆ) 6.6ರಿಂದ 7.7ಕ್ಕೆ ಏರುತ್ತದೆ, ಅದೇ ಬಣ್ಣ ನೀಲಿಯಾಗುತ್ತದೆ. ಜಪಾನಿನ ಬಳ್ಳಿಯಲ್ಲಿ ಈ ಜೀನ್ ಕೆಟ್ಟರೆ ಹೂ ನೇರಳೆಯಾಗಿಯೇ ಉಳಿಯುತ್ತದೆ.

ಸಾಗರದ ಆಂಥೂರಿಯಂ:
ತಾರಸಿತೋಟದವರೇ, ಮೊದಲು ಸಾಫ್ಟ್‌ನರ್ ನೀರು ನಿಲ್ಲಿಸಿ. ಅದಕ್ಕೆ ಆಗಾಗ ಉಪ್ಪು ಸುರಿಯುತ್ತೀರಲ್ಲ, ಅದರ ಸೋಡಿಯಂ ನೀರಿಗೆ ಸೇರುತ್ತದೆ, ಗಿಡಕ್ಕೆ ಬೇಕಾದ ಕ್ಯಾಲ್ಸಿಯಂ ಹೊರಟುಹೋಗುತ್ತದೆ. ಸೋಡಿಯಂ ಜಾಸ್ತಿಯಾದಾಗ ಆ ಎಸ್‌ಒಎಸ್‌1 ಪಂಪನ್ನು ಎಬ್ಬಿಸುವುದೇ ಕೋಶದೊಳಗಿನ ಕ್ಯಾಲ್ಸಿಯಂ ಸುಳಿವು. ನಾನೂ ಹೀಗೇ ಸಾಫ್ಟ್‌ನರ್ ನೀರು ಹಾಕಿ ಒಂದು ಸಾಲು ಆಂಥೂರಿಯಂ ಕಳೆದುಕೊಂಡೆ, ಈಗಲೂ ನೆನೆದರೆ ಸಂಕಟ. ಸಾಫ್ಟ್‌ನರ್‌ಗಿಂತ ಮುಂಚೆ ಒಂದು ನಲ್ಲಿ ಹಾಕಿಸಿ, ಮಾಡಿನ ಮಳೆನೀರು ಡ್ರಮ್ಮಿನಲ್ಲಿ ಹಿಡಿದಿಟ್ಟರೆ ಇನ್ನೂ ಒಳ್ಳೆಯದು. ತಿಂಗಳಿಗೊಮ್ಮೆ ಕುಂಡದ ತಳದಿಂದ ಹರಿದುಹೋಗುವಷ್ಟು ನೀರು ಕೊಡಿ. ಬಿಸಿಲು ಜಾಸ್ತಿ ಇರುವ ಕಡೆ ಬೋಗನ್‌ವಿಲ್ಲಾ, ಕಣಗಿಲೆ ಇಡಿ, ಅವು ಉಪ್ಪನ್ನು ಗುಲಾಬಿಗಿಂತ ಚೆನ್ನಾಗಿ ತಾಳುತ್ತವೆ.

ತಾರಸಿತೋಟ:
ಅಯ್ಯೋ, ಒಳ್ಳೆಯ ನೀರು ಅಂತ ಅದನ್ನೇ ಹುಯ್ಯುತ್ತಿದ್ದೆ. ನಾಳೆಯೇ ಪ್ಲಂಬರ್ ಕರೆಸುತ್ತೇನೆ. ಆ ಬಿಳಿ ಪುಡಿ ಕೆರೆದು ತೆಗೆಯಬೇಕಾ?

ಸಾಗರದ ಆಂಥೂರಿಯಂ:
ಹೌದು, ಮೇಲಿನ ಒಂದು ಇಂಚು ಮಣ್ಣಿನ ಸಮೇತ. ಬೇರಿಗೆ ಪೆಟ್ಟಾಗದ ಹಾಗೆ ಕೈಯಲ್ಲೇ ತೆಗೆಯಿರಿ, ಆ ಜಾಗಕ್ಕೆ ಎಲೆಗೊಬ್ಬರ ತುಂಬಿ.