ಸೂರಿನ ಎಲ್‌ಇಡಿ ಪಟ್ಟಿ: ಕೊನೆಯಲ್ಲಿ ಬಿಳಿ ಕೆಂಪಾಗುತ್ತದೆ, ಮೊದಲ ದೀಪಗಳು ಮಿಣುಕುತ್ತವೆ

ರಾಲಿಯ ಮೈಸೂರಿಗ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾವಿರುವುದು ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ. ದೀಪಾವಳಿಗೆ ಕಟ್ಟಿದ ದೀಪಗಳನ್ನು ಕ್ರಿಸ್‌ಮಸ್ ಕಳೆಯುವವರೆಗೂ ಇಳಿಸದಿರುವುದು ನಮ್ಮ ಮನೆಯ ರೂಢಿ. ಇದುವರೆಗೆ ನಾಲ್ಕು ವೈರಿನ 12 ವೋಲ್ಟ್ ಆರ್‌ಜಿಬಿ ಪಟ್ಟಿಗಳನ್ನು ಬಳಸುತ್ತಿದ್ದೆ. ಅವುಗಳಲ್ಲಿ ಇಡೀ ಪಟ್ಟಿ ಒಂದೇ ಬಣ್ಣಕ್ಕೆ ತಿರುಗುತ್ತಿತ್ತೇ ಹೊರತು ಬಣ್ಣವನ್ನು ಓಡಿಸಲು ಬರುತ್ತಿರಲಿಲ್ಲ. ಆದ್ದರಿಂದ ಈ ಬಾರಿ ಮೀಟರಿಗೆ 60 ದೀಪಗಳಿದ್ದು, ಪ್ರತಿ ದೀಪಕ್ಕೂ ತನ್ನದೇ ಬಣ್ಣ ಕೊಡಬಲ್ಲ ಚಿಪ್ ಇರುವ ಡಬ್ಲ್ಯುಎಸ್2812ಬಿ ಪಟ್ಟಿಗಳನ್ನು ತರಿಸಿ, 5 ಮೀಟರಿನ ಎರಡನ್ನು ಜೋಡಿಸಿ ಸೂರಿನುದ್ದಕ್ಕೂ ಅಂಟಿಸಿದ್ದೇನೆ. ಗ್ಯಾರೇಜಿನಲ್ಲಿ 5 ವೋಲ್ಟ್, 40 ಆಂಪಿಯರ್ ಪವರ್ ಸಪ್ಲೈ ಹಾಗೂ ದೀಪ ನಡೆಸುವ ಡಬ್ಲ್ಯುಎಲ್‌ಇಡಿ ತಂತ್ರಾಂಶ ಹಾಕಿದ ಇಎಸ್‌ಪಿ32 ಎಂಬ ಪುಟ್ಟ ನಿಯಂತ್ರಕ ಇವೆ. ಹಾಡಿಗೆ ತಕ್ಕ ಬಣ್ಣಗಳನ್ನು ಲ್ಯಾಪ್‌ಟಾಪಿನಲ್ಲಿರುವ ಎಕ್ಸ್‌ಲೈಟ್ಸ್ ಎಂಬ ತಂತ್ರಾಂಶದಿಂದ, ನೆಟ್‌ವರ್ಕಿನಲ್ಲಿ ದೀಪದ ಆದೇಶ ಕಳುಹಿಸುವ ಇ1.31 ವಿಧಾನದ ಮೂಲಕ ಕಳುಹಿಸುತ್ತಿದ್ದೇನೆ.

ತೊಂದರೆಗಳು ಮೂರು. ಬಿಳಿ ಕೊಟ್ಟರೆ ಆರಂಭದಲ್ಲಿ ಬಿಳಿಯಾಗಿಯೇ ಇದ್ದು, ಹೋಗುತ್ತಾ ಹೋಗುತ್ತಾ ಹಳದಿಗೆ ತಿರುಗಿ, ಕೊನೆಯಲ್ಲಿ ಕುಂಕುಮದ ನೀರಿನಂತೆ ಕಾಣುತ್ತದೆ. ಮೊದಲ ಹತ್ತು ಹನ್ನೆರಡು ದೀಪಗಳು ಕಾರಣವಿಲ್ಲದೆ ಮಿಣುಕುತ್ತವೆ. ಕೆಂಪು ಕೇಳಿದರೆ ಹಸಿರು ಬರುತ್ತದೆ. ಪಟ್ಟಿಯೇ ಕಳಪೆಯೇ?

ಬೆಸುಗೆ ಕೋಲು

ಪಟ್ಟಿಯನ್ನು ದೂರಬೇಡಿ, ಲೆಕ್ಕ ನೋಡಿ. ಇಂತಹ ಒಂದು ದೀಪ ಪೂರ್ಣ ಬಿಳಿಯಲ್ಲಿ ಸುಮಾರು 60 ಮಿಲಿಆಂಪಿಯರ್ ಎಳೆಯುತ್ತದೆ ಎಂದು ಹಿಡಿದರೆ, ನಿಮ್ಮ 600 ದೀಪಗಳಿಗೆ 36 ಆಂಪಿಯರ್ ಬೇಕು. ನಿಮ್ಮ ಸಪ್ಲೈ ಅಷ್ಟನ್ನು ಕೊಡಬಲ್ಲದು; ಆದರೆ ಪಟ್ಟಿಯೊಳಗಿನ ಕಾಗದದಷ್ಟು ತೆಳುವಾದ ತಾಮ್ರ ಅದನ್ನು 10 ಮೀಟರ್ ಹೊತ್ತೊಯ್ಯಲಾರದು. ದಾರಿಯಲ್ಲಿ ವೋಲ್ಟೇಜ್ ಕುಸಿಯುತ್ತದೆ. ಕೆಂಪು ಎಲ್‌ಇಡಿ ಹೊತ್ತಲು ಸುಮಾರು 2 ವೋಲ್ಟ್ ಸಾಕು, ಹಸಿರಿಗೂ ನೀಲಿಗೂ ಸುಮಾರು 3 ವೋಲ್ಟ್ ಬೇಕು. ಹೀಗಾಗಿ ಅವೆರಡು ಮೊದಲು ಸೊರಗುತ್ತವೆ, ಕೆಂಪು ಉಳಿಯುತ್ತದೆ.

ಪರಿಹಾರವೆಂದರೆ ಸಪ್ಲೈನಿಂದಲೇ ದಪ್ಪ ವೈರುಗಳನ್ನು ಪ್ರತ್ಯೇಕವಾಗಿ ಎಳೆದು ಪಟ್ಟಿಯ ಆರಂಭ, ಎರಡರ ಕೂಡುಜಾಗ ಮತ್ತು ತುದಿ, ಈ ಮೂರೂ ಕಡೆ ವಿದ್ಯುತ್ ಕೊಡುವುದು. ಪ್ರತಿಯೊಂದು ವೈರಿಗೂ ಫ್ಯೂಸ್ ಇರಲಿ. 5 ವೋಲ್ಟ್ ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ ಎಂಬ ಧೈರ್ಯದಲ್ಲಿ ಇದನ್ನು ಬಿಡುವವರೇ ಹೆಚ್ಚು. ಆದರೆ 40 ಆಂಪಿಯರ್ ಹರಿಸಬಲ್ಲ ಸಪ್ಲೈಗೆ ಸಣ್ಣ ವೈರು ಶಾರ್ಟ್ ಆದರೆ ಅದು ಊದುಬತ್ತಿಯಂತೆ ಉರಿದುಹೋಗುತ್ತದೆ. ಇನ್ನೊಂದು ಮಾತು: ಕತ್ತಲಲ್ಲಿ ಪೂರ್ಣ ಬಿಳಿ ಕಣ್ಣಿಗೆ ಚುಚ್ಚುತ್ತದೆ. ಮೂರನೇ ಒಂದು ಭಾಗದ ಪ್ರಖರತೆಯೇ ನನಗೆ ಹಿತವೆನಿಸುತ್ತದೆ, ವಿದ್ಯುತ್ತಿನ ಹೊರೆಯೂ ಅಷ್ಟೇ ಇಳಿಯುತ್ತದೆ.

ಹಳೇ ರೇಡಿಯೋ

ಮಿಣುಕುವುದಕ್ಕೂ ಮೇಲಿನದಕ್ಕೂ ಸಂಬಂಧವಿಲ್ಲ, ಅದು ಸಂಕೇತದ ದೋಷ. ಡಬ್ಲ್ಯುಎಸ್2812ಬಿ ತನ್ನ ಪೂರೈಕೆ ವೋಲ್ಟೇಜಿನ ಕನಿಷ್ಠ 0.7 ಪಾಲು, ಅಂದರೆ 5 ವೋಲ್ಟಿಗೆ 3.5 ವೋಲ್ಟ್, ಡೇಟಾ ವೈರಿನಲ್ಲಿ ಬಂದರಷ್ಟೇ ಅದನ್ನು ಖಚಿತವಾಗಿ ‘ಒಂದು’ ಎಂದು ಓದುತ್ತದೆ. ಇಎಸ್‌ಪಿ32 ಕೊಡುವುದೇ 3.3 ವೋಲ್ಟ್. ಮೇಜಿನ ಮೇಲೆ ಅದೃಷ್ಟವಶಾತ್ ಕೆಲಸ ಮಾಡಿದ್ದು ಗ್ಯಾರೇಜಿನಿಂದ ಸೂರಿನವರೆಗಿನ ಉದ್ದದ ವೈರಿನಲ್ಲಿ ಕೈಕೊಡುತ್ತದೆ. ನಡುವೆ ಸಂಕೇತವನ್ನು 5 ವೋಲ್ಟಿಗೆ ಏರಿಸುವ 74ಎಎಚ್‌ಸಿಟಿ125 ಚಿಪ್ಪನ್ನು 5 ವೋಲ್ಟಿನಲ್ಲಿ ಕೂರಿಸಿ, ಸುಮಾರು 330 ಓಮ್ ರೆಸಿಸ್ಟರನ್ನು ಡೇಟಾ ವೈರಿಗೆ ಸರಣಿಯಾಗಿ ಸೇರಿಸಿ, ನಿಯಂತ್ರಕವನ್ನು ಆದಷ್ಟು ಪಟ್ಟಿಯ ಬುಡಕ್ಕೆ ತನ್ನಿ. ಇಎಸ್‌ಪಿ32ರ ಗ್ರೌಂಡ್ ಮತ್ತು ಪಟ್ಟಿಯ ಗ್ರೌಂಡ್ ಕೂಡಿವೆಯೇ ಎಂಬುದನ್ನೂ ನೋಡಿ.

ಬಣ್ಣ ಅದಲುಬದಲಾಗುವುದು ದೋಷವೇ ಅಲ್ಲ. ಈ ಚಿಪ್ ಮೊದಲು ಹಸಿರನ್ನು ಕೇಳುತ್ತದೆ; ಡಬ್ಲ್ಯುಎಲ್‌ಇಡಿಯ ಸೆಟ್ಟಿಂಗ್ಸ್‌ನಲ್ಲಿ ಬಣ್ಣದ ಕ್ರಮವನ್ನು ಜಿಆರ್‌ಬಿ (ಹಸಿರು, ಕೆಂಪು, ನೀಲಿ) ಮಾಡಿ.

ಸಜ್ಜೆಯ ಕೆಳಗೆ

ನನ್ನನ್ನು ಮೊದಲೇ ಕೇಳಿದ್ದರೆ ಸೂರಿಗೆ 12 ವೋಲ್ಟಿನ ಡಬ್ಲ್ಯುಎಸ್2811 ಪಟ್ಟಿಯನ್ನೇ ಹೇಳುತ್ತಿದ್ದೆ. ಅದರಲ್ಲಿ ಸಾಮಾನ್ಯವಾಗಿ ಮೂರು ದೀಪಗಳಿಗೆ ಒಂದು ಚಿಪ್ ಇರುವುದರಿಂದ ಬಣ್ಣ ಮೂರು ಮೂರರ ಗುಂಪಿನಲ್ಲಿ ಬದಲಾಗುತ್ತದೆ ನಿಜ, ಆದರೆ ರಸ್ತೆಯಲ್ಲಿ ನಿಂತವರಿಗೆ ಅದು ತಿಳಿಯುವುದಿಲ್ಲ, ವೋಲ್ಟೇಜಿನ ಈ ಗೋಳೂ ಅಷ್ಟಿರುವುದಿಲ್ಲ. ಹಳೆಯ ಪಟ್ಟಿಗಳನ್ನು ಎಸೆಯಬೇಡಿ. ಬಣ್ಣಕ್ಕೊಂದರಂತೆ, ಸ್ವಿಚ್ಚಿನಂತೆ ಕೆಲಸ ಮಾಡುವ ಮೂರು ಮಾಸ್‌ಫೆಟ್ ಹಾಕಿದರೆ ಡಬ್ಲ್ಯುಎಲ್‌ಇಡಿ ಅವನ್ನೂ ನಡೆಸುತ್ತದೆ. ಗೋಡೆಯ ಮೇಲೆ ಮೆಲ್ಲಗೆ ಬಣ್ಣ ಚೆಲ್ಲಲು ಅವೇ ಚೆಂದ.

ರಾಲಿಯ ಮೈಸೂರಿಗ

ಧನ್ಯವಾದಗಳು. ಶನಿವಾರವಿಡೀ ಏಣಿಯ ಮೇಲೆಯೇ ಕಳೆಯಿತು. ಬಿಳಿ ಹೊತ್ತಿಸಿ ತುದಿಯಲ್ಲಿ ಮಲ್ಟಿಮೀಟರ್ ಹಿಡಿದಾಗ 3.4 ವೋಲ್ಟ್ ಇತ್ತು. ಮೂರು ಕಡೆ ವಿದ್ಯುತ್ ಕೊಟ್ಟ ಮೇಲೆ 4.6 ತೋರಿಸಿತು, ಕೆಂಪು ಮಾಯವಾಯಿತು. ಚಿಪ್ ಹಾಕಿದ ಮೇಲೆ ಮಿಣುಕುವುದೂ ನಿಂತಿದೆ. ಆದರೆ ಎಕ್ಸ್‌ಲೈಟ್ಸ್‌ನಿಂದ ಓಡಿಸಿದಾಗ ಸೂರಿನ ಆರಂಭದ ಭಾಗವಷ್ಟೇ ಹಾಡಿಗೆ ಕುಣಿಯುತ್ತದೆ, ಉಳಿದದ್ದು ಕತ್ತಲು. ಎಣಿಸಿದೆ: ಸರಿಯಾಗಿ 170 ದೀಪಗಳು.

ಹಳೇ ರೇಡಿಯೋ

170 ಎಂದಿರಿ, ಅಲ್ಲೇ ಉತ್ತರವಿದೆ. ಇ1.31 ಆದೇಶಗಳನ್ನು ಯೂನಿವರ್ಸ್ ಎಂಬ ಕಂತೆಗಳಲ್ಲಿ ಕಳುಹಿಸುತ್ತದೆ. ಒಂದು ಯೂನಿವರ್ಸಿಗೆ 512 ಚಾನೆಲ್, ದೀಪವೊಂದಕ್ಕೆ ಬಣ್ಣಕ್ಕೊಂದರಂತೆ ಮೂರು. ಆದ್ದರಿಂದ 170ಕ್ಕೆ ಅದು ಮುಗಿಯುತ್ತದೆ. ನಿಮಗೆ ಬೇಕಿರುವುದು 1800 ಚಾನೆಲ್, ಅಂದರೆ ನಾಲ್ಕು ಯೂನಿವರ್ಸ್, ನೀವು ಒಂದನ್ನೇ ಕೊಟ್ಟಿದ್ದೀರಿ. ಉಳಿದ ಮೂರನ್ನು ಸೇರಿಸಿ, ಇಲ್ಲವೇ ಎಕ್ಸ್‌ಲೈಟ್ಸ್, ಡಬ್ಲ್ಯುಎಲ್‌ಇಡಿ ಎರಡೂ ಕಡೆ ಡಿಡಿಪಿ ಎಂಬ ಇನ್ನೊಂದು ವಿಧಾನಕ್ಕೆ ಬದಲಾಯಿಸಿ. ಅದರಲ್ಲಿ ಯೂನಿವರ್ಸಿನ ಲೆಕ್ಕವೇ ಇಲ್ಲ. ವೈಫೈ ಆಗಿದ್ದರೆ ಹಲವರಿಗೆ ಒಟ್ಟಿಗೆ ಸಾರುವ ಮಲ್ಟಿಕಾಸ್ಟ್ ಬೇಡ, ನಿಯಂತ್ರಕದ ವಿಳಾಸಕ್ಕಷ್ಟೇ ಹೋಗುವ ಯೂನಿಕಾಸ್ಟ್‌ನಲ್ಲೇ ಕಳುಹಿಸಿ.